ಎಲೆಕೋಸಿನ ಹುಳು ಔಷಧಿಗೆ ಏಕೆ ಜಗ್ಗುವುದಿಲ್ಲ? ಡಯಮೈಡ್ ಕೀಟನಾಶಕ ನಿರೋಧಕತೆಯ ಅಣುಜೀವವಿಜ್ಞಾನ

ಎಲೆಕೋಸು ಮತ್ತು ಹೂಕೋಸು ಬೆಳೆಯುವ ರೈತರಿಗೆ ವಜ್ರಬೆನ್ನಿನ ಪತಂಗವು ಚಿರಪರಿಚಿತ ಶತ್ರು. ಇದರ ಹಸಿರು ಮರಿಹುಳುಗಳು ಎಲೆಯ ತಳಭಾಗವನ್ನು ಕೆರೆದು ತಿಂದು, ನಂತರ ರಂಧ್ರಗಳನ್ನು ಮಾಡಿ ಗೆಡ್ಡೆಯ ಮಾರುಕಟ್ಟೆ ಬೆಲೆಯನ್ನೇ ಕುಗ್ಗಿಸುತ್ತವೆ. ಮೊದಲ ಹಂಗಾಮಿನಲ್ಲಿ ಉತ್ತಮ ಫಲ ನೀಡಿದ ಕೀಟನಾಶಕವು ಕೆಲವು ಹಂಗಾಮುಗಳ ನಂತರ ನಿಷ್ಫಲವಾದಾಗ, ಅಂಗಡಿಯವರು ಕಲಬೆರಕೆ ಔಷಧಿ ಕೊಟ್ಟರೆಂಬ ಸಂಶಯ ಮೂಡುವುದು ಸಹಜ. ಕೆಲವೊಮ್ಮೆ ಅದು ನಿಜವೂ ಆಗಿರಬಹುದು. ಆದರೆ ಅನೇಕ ಸಂದರ್ಭಗಳಲ್ಲಿ ಬದಲಾಗಿರುವುದು ಔಷಧಿಯಲ್ಲ, ಹುಳು. ಈ ಬದಲಾವಣೆಯ ಸ್ವರೂಪವನ್ನು ಇತ್ತೀಚಿನ ಸಂಶೋಧನೆಗಳು ಅಣುವಿನ ಮಟ್ಟದಲ್ಲಿ ತೋರಿಸಿಕೊಟ್ಟಿವೆ.

ಔಷಧಿ ಕೆಲಸ ಮಾಡುವ ಬಗೆ

ಕ್ಲೋರಾಂಟ್ರಾನಿಲಿಪ್ರೋಲ್, ಸಯಾಂಟ್ರಾನಿಲಿಪ್ರೋಲ್ ಹಾಗೂ ಫ್ಲುಬೆಂಡಿಯಮೈಡ್ ಇವು ಡಯಮೈಡ್ ಎಂಬ ಒಂದೇ ವರ್ಗಕ್ಕೆ ಸೇರಿದ ಕೀಟನಾಶಕಗಳು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇವುಗಳ ಗುಂಪಿನ ಸಂಖ್ಯೆ 28. ಹುಳುವಿನ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಸಂಗ್ರಹವಿದ್ದು, ಅದನ್ನು ಬೇಕಾದಾಗ ಮಾತ್ರ ಹೊರಬಿಡುವ ದ್ವಾರವೊಂದಿದೆ. ಈ ದ್ವಾರವು ಸುಮಾರು 5,000 ಅಮೈನೋ ಆಮ್ಲಗಳಿಂದ ಹೆಣೆದ ಪ್ರೋಟೀನು. ಇದನ್ನು ರಯನೋಡಿನ್ ಗ್ರಾಹಕ ಎನ್ನುತ್ತಾರೆ. ಡಯಮೈಡ್ ಅಣುವು ಈ ಗ್ರಾಹಕದ ಒಂದು ಸಣ್ಣ ಪೊಟರೆಯಲ್ಲಿ ಕುಳಿತಾಗ ದ್ವಾರವು ಮುಚ್ಚಿಕೊಳ್ಳದೆ ಕ್ಯಾಲ್ಸಿಯಂ ಸೋರಿಹೋಗುತ್ತದೆ. ಸ್ನಾಯುಗಳು ಸಂಕುಚಿತಗೊಂಡು ಹುಳು ಕೆಲವೇ ಗಂಟೆಗಳಲ್ಲಿ ತಿನ್ನುವುದನ್ನು ನಿಲ್ಲಿಸುತ್ತದೆ. ಸಾಯಲು ಎರಡು ಮೂರು ದಿನ ಬೇಕಾಗಬಹುದು. ಆದ್ದರಿಂದ ಮರುದಿನ ಹುಳು ಜೀವಂತ ಕಂಡಿತೆಂದು ಪುನಃ ಸಿಂಪಡಿಸುವುದು ಅನಗತ್ಯ ಖರ್ಚು.

ಸಸ್ತನಿಗಳ ರಯನೋಡಿನ್ ಗ್ರಾಹಕದ ಮೇಲೆ ಈ ಅಣುಗಳ ಪ್ರಭಾವ ಬಹಳ ದುರ್ಬಲವಾದುದರಿಂದ ಮನುಷ್ಯರಿಗೂ ಜಾನುವಾರುಗಳಿಗೂ ತಕ್ಷಣದ ಅಪಾಯ ಕಡಿಮೆ. ಹಾಗೆಂದು ಕೈಗವಸು, ಮುಖಗವಸು ಇಲ್ಲದೆ ಸಿಂಪಡಿಸುವುದು ಸಲ್ಲದು.

ಒಂದೇ ಅಕ್ಷರದ ವ್ಯತ್ಯಾಸ

2012ರಲ್ಲಿ ಫಿಲಿಪ್ಪೀನ್ಸ್ ಮತ್ತು ಥಾಯ್ಲೆಂಡಿನ ನಿರೋಧಕ ವಜ್ರಬೆನ್ನಿನ ಪತಂಗಗಳ ವಂಶವಾಹಿಯನ್ನು ಪರಿಶೀಲಿಸಿದ ಸಂಶೋಧಕರು, ಈ ಗ್ರಾಹಕದ 4946ನೆಯ ಸ್ಥಾನದಲ್ಲಿ ಗ್ಲೈಸೀನ್ ಬದಲು ಗ್ಲುಟಾಮಿಕ್ ಆಮ್ಲ ಇರುವುದನ್ನು ವರದಿ ಮಾಡಿದರು. ಡಿಎನ್‌ಎಯ ಒಂದೇ ಅಕ್ಷರ ಬದಲಾದರೆ ಇಷ್ಟು ವ್ಯತ್ಯಾಸವಾಗಲು ಸಾಕು. ಗ್ಲೈಸೀನ್ ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು. ಗ್ಲುಟಾಮಿಕ್ ಆಮ್ಲ ದೊಡ್ಡದು, ವಿದ್ಯುದಾವೇಶವುಳ್ಳದ್ದು. ಬೀಗದೊಳಗೆ ಕಲ್ಲಿನ ಚೂರು ಸಿಕ್ಕಿಕೊಂಡರೆ ಕೀಲಿಕೈ ಹೇಗೆ ಒಳಹೋಗದೋ, ಹಾಗೆಯೇ ಔಷಧಿಯ ಅಣು ಪೊಟರೆಯಲ್ಲಿ ಸರಿಯಾಗಿ ಕೂರಲಾರದು. ದ್ವಾರದ ನಿತ್ಯದ ಕೆಲಸ ಮಾತ್ರ ನಡೆಯುತ್ತಲೇ ಇರುತ್ತದೆ.

ಈ ಬದಲಾವಣೆಯೇ ಕಾರಣವೆಂಬುದನ್ನು ಪರೀಕ್ಷಿಸಲು 2017ರಲ್ಲಿ ಇದೇ ವ್ಯತ್ಯಾಸವನ್ನು ಕ್ರಿಸ್ಪರ್ ವಿಧಾನದಿಂದ ಸ್ಪೋಡೊಪ್ಟೆರಾ ಎಕ್ಸಿಗುವ ಎಂಬ ಕೀಟದಲ್ಲಿ ಅಳವಡಿಸಲಾಯಿತು. ಆ ಕೀಟಗಳು ಡಯಮೈಡ್‌ಗಳಿಗೆ 200 ಪಟ್ಟಿಗಿಂತಲೂ ಅಧಿಕ ನಿರೋಧಕತೆಯನ್ನು ತೋರಿದವು. 2020ರಲ್ಲಿ ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ, ಕ್ಲೋರಾಂಟ್ರಾನಿಲಿಪ್ರೋಲ್ ಅಣುವು ಗ್ರಾಹಕದಲ್ಲಿ ಕುಳಿತಿರುವ ಚಿತ್ರಣವೇ ದೊರೆಯಿತು. ನಿರೋಧಕ ಕೀಟಗಳಲ್ಲಿ ಬದಲಾದ ಸ್ಥಾನಗಳು ಆ ಪೊಟರೆಯ ಅಂಚಿನಲ್ಲೇ ಇವೆ. ಟೊಮ್ಯಾಟೊ ಬೆಳೆಯನ್ನು ಕಾಡುವ ಟೂಟಾ ಊಜಿ ಕೀಟದಲ್ಲಿಯೂ ಅದೇ ಸ್ಥಾನದ ಬದಲಾವಣೆಯನ್ನು ಯುರೋಪ್ ಮತ್ತು ಬ್ರೆಜಿಲ್‌ನಲ್ಲಿ ಗುರುತಿಸಲಾಗಿದೆ.

ನಿರೋಧಕ ಹುಳುಗಳು ಹೆಚ್ಚುವ ಲೆಕ್ಕ

ಔಷಧಿಯು ಹುಳುವನ್ನು ಬದಲಾಯಿಸುವುದಿಲ್ಲ. ಮೊದಲೇ ಇದ್ದ ವಿರಳ ಹುಳುಗಳನ್ನು ಆರಿಸಿ ಉಳಿಸುತ್ತದೆ. ಒಂದು ಸರಳ ಲೆಕ್ಕ ನೋಡೋಣ. 10,000 ಹುಳುಗಳಲ್ಲಿ 10 ಮಾತ್ರ ನಿರೋಧಕವೆಂದೂ, ಸಿಂಪರಣೆಯು ಉಳಿದವುಗಳಲ್ಲಿ ಶೇ. 95ರಷ್ಟನ್ನು ಕೊಲ್ಲುವುದೆಂದೂ, ಮರಿಗಳು ತಾಯಿಯಂತೆಯೇ ಇರುವುವೆಂದೂ ಭಾವಿಸೋಣ. ಮೊದಲ ಸಿಂಪರಣೆಯ ನಂತರ ನಿರೋಧಕ ಹುಳುಗಳ ಪಾಲು ಶೇ. 2. ಮುಂದಿನ ಪೀಳಿಗೆಯಲ್ಲಿ ಅದೇ ಔಷಧಿ ಬಳಸಿದರೆ ಸುಮಾರು ಶೇ. 29. ಮೂರನೆಯ ಬಾರಿ ಸುಮಾರು ಶೇ. 89. ಹೊರಗಿನ ಪತಂಗಗಳ ಕೂಡಿಕೆಯಿಂದ ವಾಸ್ತವದಲ್ಲಿ ವೇಗ ತಗ್ಗಬಹುದು, ಆದರೆ ಸಾಗುವ ದಿಕ್ಕು ಇದೇ. ಬೆಚ್ಚನೆಯ ಹವೆಯಲ್ಲಿ ಈ ಕೀಟದ ಒಂದು ಪೀಳಿಗೆ ಸುಮಾರು ಮೂರು ವಾರಗಳಲ್ಲಿ ಮುಗಿಯುವುದರಿಂದ ಒಂದೇ ಬೆಳೆಯಲ್ಲಿ ಹಲವು ಪೀಳಿಗೆಗಳು ಕಾಣಿಸುತ್ತವೆ.

ಪ್ರಮಾಣವನ್ನು ಎರಡು ಪಟ್ಟು ಮಾಡಿದರೆ ಪರಿಹಾರ ದೊರೆಯದು. ನೂರಾರು ಪಟ್ಟು ನಿರೋಧಕತೆಯ ಮುಂದೆ ಎರಡು ಪಟ್ಟು ಔಷಧಿ ಏನೂ ಅಲ್ಲ. ಬದಲಿಗೆ ಖರ್ಚು ಮತ್ತು ಉಳಿಕೆ ವಿಷ ಹೆಚ್ಚುತ್ತವೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ವ್ಯಾಪಾರಿ ಹೆಸರನ್ನಲ್ಲ, ತಾಂತ್ರಿಕ ಹೆಸರನ್ನು ಓದಿರಿ. ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಒಂದೇ ಗುಂಪಿನ ಔಷಧಿ ಇರಬಹುದು. ಡಯಮೈಡ್ ಬೆರೆತ ಮಿಶ್ರಣ ಕೀಟನಾಶಕವನ್ನೂ ಗುಂಪು 28 ಎಂದೇ ಎಣಿಸಬೇಕು.

2. ಸಸಿಮಡಿಗೆ ಡಯಮೈಡ್ ಉಪಚಾರ ಮಾಡಿದ್ದರೆ ಅದನ್ನೂ ಒಂದು ಬಳಕೆಯೆಂದು ಪರಿಗಣಿಸಿ, ನಾಟಿಯ ನಂತರ ಮೊದಲ ಸಿಂಪರಣೆಗೆ ಬೇರೆ ಗುಂಪನ್ನು ಆರಿಸಿರಿ.

3. ಒಂದು ಪೀಳಿಗೆಯ ಮೇಲೆ ಬಳಸಿದ ಗುಂಪನ್ನು ಮುಂದಿನ ಪೀಳಿಗೆಯ ಮೇಲೆ ಬಳಸಬೇಡಿ. ಸ್ಪೈನೋಸ್ಯಾಡ್ (ಗುಂಪು 5), ಎಮಾಮೆಕ್ಟಿನ್ ಬೆಂಜೋಯೇಟ್ (6), ಬಿಟಿ ಜೈವಿಕ ಕೀಟನಾಶಕ (11), ನೊವಾಲುರಾನ್ (15), ಇಂಡಾಕ್ಸಾಕಾರ್ಬ್ (22) ಇವು ಹುಳುವಿನ ದೇಹದಲ್ಲಿ ಬೇರೆ ಬೇರೆ ಗುರಿಗಳ ಮೇಲೆ ಕೆಲಸ ಮಾಡುತ್ತವೆ. ಆಯಾ ಬೆಳೆಗೆ ನೋಂದಣಿಯಾದುದನ್ನೇ, ಲೇಬಲ್ಲಿನಲ್ಲಿ ಸೂಚಿಸಿದ ಪ್ರಮಾಣದಲ್ಲಿ ಬಳಸಿ, ಕೊಯ್ಲಿನ ಮುಂಚಿನ ನಿರೀಕ್ಷಣಾ ಅವಧಿಯನ್ನು ಪಾಲಿಸಿರಿ.

4. ಪ್ರತಿ 25 ಸಾಲು ಎಲೆಕೋಸಿಗೆ ಜೋಡಿ ಸಾಲು ಸಾಸಿವೆಯನ್ನು ಬಲೆ ಬೆಳೆಯಾಗಿ ಬಿತ್ತಿರಿ. ಒಂದು ಸಾಲನ್ನು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಗಳ ನಂತರ ಬಿತ್ತಬೇಕು. ಶೇ. 4ರ ಬೇವಿನ ಬೀಜದ ತಿರುಳಿನ ಕಷಾಯವನ್ನು ಸಿಂಪಡಿಸಿದರೆ ರಾಸಾಯನಿಕಗಳ ಸರದಿ ಕಡಿಮೆಯಾಗುತ್ತದೆ.

5. ಕೊಯ್ಲಾದ ಕೂಡಲೇ ಬುಡ ಮತ್ತು ಎಲೆಗಳನ್ನು ನಾಶಪಡಿಸಿರಿ. ಪತಂಗವು ಬದು ದಾಟುವುದರಿಂದ ನೆರೆಹೊರೆಯವರು ಕೂಡಿ ಗುಂಪು ಬದಲಾವಣೆ ಮಾಡಿದರೆ ಮಾತ್ರ ಪೂರ್ಣ ಫಲ.

ವಿಸ್ತರಣಾ ಕಾರ್ಯಕರ್ತರಿಗೆ

ಔಷಧಿ ವಿಫಲವಾಯಿತೆಂಬ ದೂರು ಬಂದಾಗ ಮೊದಲು ಪ್ರಮಾಣ, ನೀರಿನ ಅಳತೆ, ನಳಿಕೆ, ಎಲೆಯ ತಳಭಾಗಕ್ಕೆ ದ್ರಾವಣ ತಲುಪಿದೆಯೇ ಎಂಬುದನ್ನು ಪರಿಶೀಲಿಸಬೇಕು. ಅನಂತರ ಸಿಂಪಡಿಸದ ಎಲೆಯನ್ನು ಶಿಫಾರಸಿನ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ, ಅದೇ ತಾಕಿನ 10 ಹುಳುಗಳನ್ನು ಬಿಡಬೇಕು. ಬರೀ ನೀರಿನಲ್ಲಿ ಅದ್ದಿದ ಎಲೆಯ ಮೇಲೆ ಮತ್ತೆ 10 ಹುಳುಗಳನ್ನಿಟ್ಟು ನಾಲ್ಕನೆಯ ದಿನ ಹೋಲಿಸಬೇಕು. ನೀರಿನ ಎಲೆಯಂತೆಯೇ ಔಷಧಿಯ ಎಲೆಯನ್ನೂ ತಿಂದು ಹುಳುಗಳು ಬೆಳೆದಿದ್ದರೆ ನಿರೋಧಕತೆಯನ್ನು ಶಂಕಿಸಿ, ಮಾದರಿಗಳನ್ನು ಕೃಷಿ ವಿಜ್ಞಾನ ಕೇಂದ್ರದ ಕೀಟಶಾಸ್ತ್ರಜ್ಞರ ಗಮನಕ್ಕೆ ತರಬೇಕು. ಆ ತಾಕಿನಲ್ಲಿ ಡಯಮೈಡ್ ಬಳಕೆಯನ್ನು ಅಂದೇ ನಿಲ್ಲಿಸುವಂತೆ ತಿಳಿಸುವುದು ಸೂಕ್ತ. ಪರಿಣಾಮಕಾರಿ ಔಷಧಿಗಳ ಸಂಖ್ಯೆ ಸೀಮಿತ. ಇರುವುದನ್ನು ಉಳಿಸಿಕೊಳ್ಳುವುದು ಬೆಳೆ ಉಳಿಸಿಕೊಳ್ಳುವಷ್ಟೇ ಮುಖ್ಯ.