ಭೀಮಾತೀರದ ಮೆಲ್ಲೋಟ

ಓಟವೆಂದೊಡನೆ ಗುಡ್ಡ, ಅಡವಿಗಳು ನೆನಪಾಗುವುವು. ಆಲಮೇಲದ ಸೀಮೆಯಲ್ಲಿರುವುದು ಎರೆಯ ಬಯಲು, ಉತ್ತರಕ್ಕೆ ಭೀಮಾನದಿ. ಆದರೂ ಚಳಿಗಾಲದ ಅರುಣೋದಯದಲ್ಲಿ ದೇವಣಗಾಂವದ ಕಡೆಗೆ, ಬಿಳಿಜೋಳದ ಹೊಲಗಳ ನಡುವೆ ಮೆಲ್ಲನೆ ಓಡುವ ಸುಖವನ್ನು ಓಡಿದವರೇ ಬಲ್ಲರು. ಮಾತನಾಡುತ್ತ ಓಡಲಾಗುವಷ್ಟು ವೇಗ ಸಾಕು. ಏದುಸಿರು ಬಂದರೆ ನಡೆಯತಕ್ಕದ್ದು. ಮಳೆಯ ಮರುದಿನ ಮಾತ್ರ ಹೊಲದ ದಾರಿ ಬೇಡ: ಎರೆಮಣ್ಣು ಕೆರಕ್ಕೆ ಮೆತ್ತಿ ಕಾಲು ಕಲ್ಲಾಗುವುದು. ಬೇಸಿಗೆಯಲ್ಲಿ ಅದೇ ನೆಲ ಬಿರಿದು ಕಣಕಾಲನ್ನು ಉಳುಕಿಸುವುದು. ಆಗ ಡಾಂಬರು ರಸ್ತೆಯ ಅಂಚೇ ಲೇಸು.

ಹೊಳೆದಂಡೆಗೆ ಹೋಗುವವರು ಇಲ್ಲಿಯ ಮುಗಿಲನ್ನಷ್ಟೇ ನೋಡಿದರೆ ಸಾಲದು. 2020ರ ಅಕ್ಟೋಬರದಲ್ಲಿ ಮಳೆಯೊಡನೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ, ಭೀಮೆಯು ಉಕ್ಕಿ ದಂಡೆಯ ಊರುಗಳನ್ನು ಸುತ್ತುವರಿದಳು. ಅಲ್ಲಿ ನೀರು ಬಿಟ್ಟ ಸುದ್ದಿ ಬಂದರೆ, ಹೊಳೆ ಇಳಿಯುವ ತನಕ ಊರ ಬಳಿಯ ಎತ್ತರದ ದಾರಿಯಲ್ಲಿಯೇ ಓಡಿರಿ.