ಬಾಳಿನ ಧ್ಯೇಯವೂ ವರ್ಷದ ಗುರಿಯೂ

ಯುಗಾದಿಯ ದಿನ ಬೇವುಬೆಲ್ಲವನ್ನು ಸವಿದ ಬಾಯಿ ಆರುವುದರೊಳಗೆ ನಮ್ಮ ಮನೆಗಳಲ್ಲಿ ಸಂಕಲ್ಪಗಳು ಹುಟ್ಟಿಕೊಳ್ಳುತ್ತವೆ. ಈ ವರ್ಷ ತಪ್ಪದೆ ಬೆಳಗಿನ ಜಾವಕ್ಕೆ ಏಳಬೇಕು, ಮೈಯ ಭಾರವನ್ನು ಇಳಿಸಬೇಕು, ಬಿಟ್ಟುಹೋದ ವೀಣೆಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು, ತಿಂಗಳಿಗೆ ಇಷ್ಟೆಂದು ಹಣವನ್ನು ಕೂಡಿಡಬೇಕು, ಗದುಗಿನ ಭಾರತವನ್ನು ಮೊದಲಿನಿಂದ ಕಡೆಯವರೆಗೆ ಓದಿ ಮುಗಿಸಬೇಕು, ಹೀಗೆ. ಕಾರಹುಣ್ಣಿಮೆಯ ಹೊತ್ತಿಗೆ ಅವುಗಳಲ್ಲಿ ಅರ್ಧದಷ್ಟು ಬಾಡಿರುತ್ತವೆ. ಗೌರೀಹಬ್ಬದ ಗಡಿಬಿಡಿಯಲ್ಲಿ ಉಳಿದವೂ ಮರೆತುಹೋಗುತ್ತವೆ. ದೀಪಾವಳಿಗೆ ಬಂದ ನೆಂಟರು ಯಾರಾದರೂ ನೆನಪುಮಾಡಿದರೆ ನಕ್ಕು ಮಾತನ್ನು ಬೇರೆಡೆಗೆ ತಿರುಗಿಸುತ್ತೇವೆ. ಮನಸ್ಸಿನ ದಾರ್ಢ್ಯ ಸಾಲದು ಎಂದು ನಮ್ಮನ್ನು ನಾವೇ ಹಳಿದುಕೊಳ್ಳುವುದು ವಾಡಿಕೆ. ಆದರೆ ಇದೇ ಜನರು ಮಗುವಿಗೆ ಜ್ವರ ಬಂದಾಗ ಮೂರು ರಾತ್ರಿ ಕಣ್ಣುಮುಚ್ಚದೆ ಕುಳಿತಿರಬಲ್ಲರು. ದಾರ್ಢ್ಯವಿಲ್ಲದವರು ಹಾಗೆ ಕುಳಿತಾರೆಯೆ? ದೋಷವು ಬೇರೆಲ್ಲಿಯೋ ಇರಬೇಕು.

ನಮ್ಮ ಬೀದಿಯ ಸೋದರಿಯೊಬ್ಬರು ಒಂದು ವರ್ಷ ಇಂಥ ಸಂಕಲ್ಪಗಳ ಪಟ್ಟಿಯನ್ನು ಬರೆದು ಅಡಿಗೆಮನೆಯ ಕಪಾಟಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದರು. ಒಟ್ಟು ಒಂಬತ್ತು ಬಾಬುಗಳು. ಒಂದೊಂದೂ ಎಲ್ಲಿಂದ ಬಂದಿತೆಂದು ನಾವು ಸಲಿಗೆಯಿಂದ ಕೇಳಿದೆವು. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡುವುದು ಓರಗಿತ್ತಿಯನ್ನು ನೋಡಿ ಬಂದದ್ದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯುವುದು ಯಜಮಾನರ ಹೊಸ ಕೈಗಡಿಯಾರದ ಉಪದೇಶ. ಬಗೆಬಗೆಯ ಕೇಕುಗಳನ್ನು ಕಲಿಯುವುದು ಫೋನಿನಲ್ಲಿ ಕಂಡದ್ದು. ಹೀಗೆ ಎಂಟು ಬಾಬುಗಳಿಗೂ ತವರೊಂದೊಂದು ಸಿಕ್ಕಿತು. ಯಾವುದರ ತವರೂ ಆಕೆಯ ಮನಸ್ಸಲ್ಲ. ಒಂಬತ್ತನೆಯದು ಕೆಳಗೆ ಸಣ್ಣಕ್ಷರದಲ್ಲಿತ್ತು. ‘ಅತ್ತೆಯವರ ಹಾಡು’ ಎಂದಷ್ಟೇ ಬರೆದಿದ್ದರು. ಅದು ಎಲ್ಲಿಂದ ಬಂತು ಎಂದರೆ ಉತ್ತರ ಬರಲಿಲ್ಲ. ಆಕೆ ಒಲೆಯ ಕಡೆಗೆ ತಿರುಗಿದರು. ಆ ಬಾಬಿನ ಕಥೆಯನ್ನು ಮುಂದೆ ಹೇಳುತ್ತೇವೆ.

ಧ್ಯೇಯ, ಗುರಿ ಎಂಬ ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತಿರುವುದುಂಟು. ಬೇರ್ಪಡಿಸಿ ನೋಡುವುದು ಮೇಲು. ಮಕ್ಕಳು ಆರೋಗ್ಯವಂತರಾಗಿ ಬೆಳೆಯಲಿ ಎಂಬುದು ತಾಯಿಯ ಧ್ಯೇಯ. ಅದಕ್ಕೆ ಇಂಥ ದಿನ ಮುಗಿಯಿತೆಂಬುದಿಲ್ಲ. ಈ ಮಳೆಗಾಲದೊಳಗಾಗಿ ಹಿತ್ತಲಿನ ಮೂಲೆಯಲ್ಲಿ ಹರಿವೆ, ಬಸಳೆಗಳ ಪಾತಿಯೊಂದನ್ನು ಮಾಡುವುದು ಗುರಿ. ಅದು ಆಯಿತೋ ಇಲ್ಲವೋ ಎಂಬುದನ್ನು ಹಿತ್ತಲಿಗೆ ಹೋಗಿ ಯಾರಾದರೂ ನೋಡಬಹುದು. ಗುರಿಯು ಧ್ಯೇಯದಿಂದ ಕತ್ತರಿಸಿಕೊಂಡ ಒಂದು ತುಂಡಾಗಿರಬೇಕು, ಅದೂ ನಮ್ಮ ಕೈಗೆ ಎಟುಕುವಷ್ಟು ದೊಡ್ಡದಿರಬೇಕು. ಪರರ ಬಟ್ಟೆಯಿಂದ ಕತ್ತರಿಸಿದ ತುಂಡು ಎಷ್ಟು ಚೆನ್ನಾಗಿದ್ದರೂ ನಮ್ಮ ರವಕೆಗೆ ಹೊಂದುವುದಿಲ್ಲ.

ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ಹೆಸರನ್ನು ಕೇಳದ ಕನ್ನಡಿಗರು ಕಡಮೆ. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಇವರಿಗೆ ಶರಣರ ವಚನಗಳು ಜನರ ಕೈಗೆ ಬರಬೇಕೆಂಬುದು ಬಾಳಿನ ಧ್ಯೇಯವಾಯಿತು. ಆ ಕಾಲಕ್ಕೆ ವಚನಗಳು ಬಹುಪಾಲು ತಾಳೆಗರಿಯ ಕಟ್ಟುಗಳಲ್ಲಿ, ಮಠಗಳ ಮತ್ತು ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತ ಕುಳಿತಿದ್ದುವು, ಓದುವವರು ವಿರಳ. ‘ವಚನಗಳನ್ನೆಲ್ಲ ಬೆಳಕಿಗೆ ತರುತ್ತೇನೆ’ ಎಂದು ಅವರು ಸಂಕಲ್ಪಿಸಿ ಕುಳಿತಿದ್ದರೆ ಬಹುಶಃ ಕುಳಿತೇ ಇರುತ್ತಿದ್ದರು. ಮೊದಲು ಕಟ್ಟುಗಳನ್ನು ಹುಡುಕುವುದು, ಆಮೇಲೆ ಓದಿ ತಿದ್ದಿ ಹೊಂದಿಸುವುದು, ಆಮೇಲೆ ಒಂದು ಪುಸ್ತಕ. ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ೧೯೨೩ರಲ್ಲಿ ಹೊರಬಂದಿತು. ಸಂಗ್ರಹಕ್ಕೆ ತೊಡಗಿ ಅಷ್ಟು ಹೊತ್ತಿಗೆ ವರ್ಷಗಳೇ ಕಳೆದಿದ್ದುವು. ಗುರಿಯನ್ನು ಮಾತ್ರ ಬಲ್ಲವರು ಇಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಅವರು ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ತಮ್ಮ ಸ್ವಂತ ಮನೆಯನ್ನು ಮಾರಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹುಟ್ಟಿತು. ೧೯೬೪ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಇದೊಂದೇ ದಾರಿಯಲ್ಲಿ ಸಾಗಿತು.

ಮನೆ ಮಾರಿದ ಮಾತನ್ನು ಬರೆಯುವಾಗ ನಮ್ಮ ಲೇಖನಿ ತುಸು ತಡೆಯಿತು. ಗೃಹಸ್ಥರು ಓದುವ ಪತ್ರಿಕೆಯಲ್ಲಿ ಇದನ್ನು ಮಾದರಿಯೆಂದು ಎತ್ತಿಹಿಡಿಯಲು ನಾವು ಒಡಂಬಡುವುದಿಲ್ಲ. ಆ ದಿನ ಮನೆಯ ಹೆಂಗಸರ ಮುಖ ಹೇಗಿದ್ದಿತೋ! ಆದರೆ ಒಂದು ಮಾತನ್ನು ಗಮನಿಸಬೇಕು. ಮನೆ ಮಾರುವ ಹೊತ್ತಿಗೆ ಅವರಿಗೆ ನಲ್ವತ್ತೈದು ವರ್ಷ. ಇಪ್ಪತ್ತರ ಹುರುಪಿನಲ್ಲಿ ಎಲ್ಲವನ್ನೂ ಒಮ್ಮೆಗೇ ಪಣಕ್ಕೊಡ್ಡಿದವರಲ್ಲ. ಸಣ್ಣ ಗುರಿಗಳನ್ನು ಒಂದಾದಮೇಲೊಂದು ದಾಟಿ, ಧ್ಯೇಯವು ತಮ್ಮದೇ ಎಂಬುದನ್ನು ಬಗೆಬಗೆಯಾಗಿ ಪರೀಕ್ಷಿಸಿಕೊಂಡಮೇಲೆ ಇಟ್ಟ ಹೆಜ್ಜೆ ಅದು.

ವಿದ್ಯಾವಂತರ ಮಾತಾಯಿತು. ಅಕ್ಷರವನ್ನೇ ಕಲಿಯದ ಒಬ್ಬ ಹೆಂಗಸು ಇದೇ ಪಾಠವನ್ನು ಇನ್ನೂ ಸ್ಪಷ್ಟವಾಗಿ ಕಲಿಸಿಹೋಗಿದ್ದಾರೆಂದು ನಮಗೆ ತೋರುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಕೂಲಿಮಾಡಿ ಬದುಕುತ್ತಿದ್ದವರು. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಹೆಂಗಸು ನಮ್ಮ ಹಳ್ಳಿಗಳಲ್ಲಿ ಏನೇನು ಕೇಳಬೇಕಾಗುತ್ತದೆಂಬುದನ್ನು ನಮ್ಮ ಸೋದರಿಯರಿಗೆ ನಾವು ವಿವರಿಸಬೇಕಾದುದಿಲ್ಲ. ಸಾಕಿ ಬೆಳೆಸಬೇಕೆಂಬ ಹಂಬಲ ಮಾತ್ರ ಇಬ್ಬರಲ್ಲಿಯೂ ಇದ್ದಿತು, ಅದನ್ನೇ ಧ್ಯೇಯವೆನ್ನೋಣ. ಊರ ಸುತ್ತ ಆಲದ ಮರಗಳು ಹೇರಳವಾಗಿದ್ದುವು. ಆಲದ ಸಸಿಗಳನ್ನು ಮಾಡಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಬದಿಯಲ್ಲಿ ನೆಡಲು ಗಂಡಹೆಂಡಿರು ಮನಸ್ಸು ಮಾಡಿದರು.

ಮೊದಲನೆಯ ವರ್ಷ ಅವರು ನೆಟ್ಟದ್ದು ಎಷ್ಟು? ಹತ್ತು. ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಈ ಅಂಕಿಗಳನ್ನು ನಾವು ಅನೇಕ ಸಲ ಮನಸ್ಸಿನಲ್ಲಿ ಹೊರಳಿಸಿದ್ದೇವೆ. ನಾಲ್ಕು ಕಿಲೋಮೀಟರಿನ ದಾರಿ. ಆಸೆಪಟ್ಟಿದ್ದರೆ ಮೊದಲ ಮಳೆಗೇ ನೂರು ಸಸಿಗಳನ್ನು ಊರಿಬಿಡಬಹುದಾಗಿತ್ತು. ಆದರೆ ಸಸಿಗೆ ನೀರು ಬೇಕು. ನೀರನ್ನು ಕೊಡಗಳಲ್ಲಿ ತುಂಬಿ ಅಷ್ಟು ದೂರ ಹೊರಬೇಕು. ಹೊರುವ ತಲೆಗಳು ಎರಡೇ, ಅವೂ ಕೂಲಿಯ ಕೆಲಸ ಮುಗಿಸಿ ಬಿಡುವಾದಾಗ. ದನಕರುಗಳು ಮೇಯದಂತೆ ಒಂದೊಂದು ಸಸಿಗೂ ಮುಳ್ಳಿನ ಬೇಲಿ ಬೇಕು. ಆದುದರಿಂದ ಎಷ್ಟಕ್ಕೆ ನೀರು ಹೊರಬಲ್ಲರೋ ಅಷ್ಟನ್ನೇ ನೆಟ್ಟರು. ಮಳೆಗಾಲವನ್ನು ನೋಡಿಕೊಂಡು ನೆಡುತ್ತಿದ್ದುದರಿಂದ ಆಕಾಶವೂ ತನ್ನ ಪಾಲಿನ ಕೊಡವನ್ನು ಹೊತ್ತಿತು. ನೆಡುವುದು ಅವರ ಗುರಿಯಾಗಿರಲಿಲ್ಲ. ನೆಟ್ಟದ್ದನ್ನು ಉಳಿಸುವುದು ಗುರಿಯಾಗಿತ್ತು. ಹೀಗೆ ವರ್ಷ ವರ್ಷವೂ ಕೂಡುತ್ತ ಹೋಗಿ, ೩೮೫ ಎಂದು ಪ್ರಸಿದ್ಧವಾಗಿರುವ ಆಲದ ಸಾಲು ಬೆಳೆದು ನಿಂತಿತು.

ಚಿಕ್ಕಯ್ಯನವರು ೧೯೯೧ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಈ ದಂಪತಿಗಳ ಹೆಸರು ಸುತ್ತಣ ಹಳ್ಳಿಗಳನ್ನು ದಾಟಿ ಹೆಚ್ಚು ದೂರ ಹೋಗಿರಲಿಲ್ಲವೆಂಬುದು ನಮ್ಮ ಎಣಿಕೆ. ೧೯೯೫ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿ, ೨೦೧೯ರಲ್ಲಿ ಪದ್ಮಶ್ರೀ, ಇವೆಲ್ಲ ಬಂದದ್ದು ಮರಗಳು ನೆರಳು ಕೊಡತೊಡಗಿ ಬಹುಕಾಲವಾದಮೇಲೆ. ಪದ್ಮಶ್ರೀಯನ್ನು ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳ ಹಣೆಯನ್ನು ಮುಟ್ಟಿ ಹರಸಿದ ಮುದುಕಿಯ ಚಿತ್ರವನ್ನು ಕಂಡು ದೇಶಕ್ಕೆ ದೇಶವೇ ಸಂತೋಷಪಟ್ಟಿತು. ೨೦೨೫ರ ನವೆಂಬರಿನಲ್ಲಿ ಅವರು ಕಾಲವಾದರು. ಪ್ರಶಸ್ತಿಯ ಆಸೆಯಿಂದ ನೀರು ಹೊತ್ತವರಾಗಿದ್ದರೆ ಅಷ್ಟು ವರ್ಷ ಯಾರು ಹೊರುತ್ತಿದ್ದರು?

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ವನಮಹೋತ್ಸವವೊಂದಕ್ಕೆ ನಮ್ಮನ್ನು ಕರೆದಿದ್ದರು. ಗುಂಡಿ ತೋಡಿ ಸಿದ್ಧವಾಗಿತ್ತು, ಬೆಳ್ಳಿಯ ಚೊಂಬಿನಲ್ಲಿ ನೀರಿತ್ತು, ಚಿತ್ರ ತೆಗೆಯುವವರೂ ಇದ್ದರು. ನಾವು ನೆಟ್ಟದ್ದು ಹೊಂಗೆಯೋ ನೇರಿಳೆಯೋ ಎಂಬುದನ್ನು ಕೂಡ ಕೇಳಿಕೊಳ್ಳಲಿಲ್ಲ. ಮುಂದಿನ ಬೇಸಗೆಯಲ್ಲಿ ಆ ದಾರಿಯಾಗಿ ಹೋದಾಗ ಗುಂಡಿಯ ಜಾಗದಲ್ಲಿ ಒಣಗಿದ ಕಡ್ಡಿಯೊಂದಿತ್ತು. ಯಾರನ್ನು ದೂರುವುದು? ನಾವು ಒಂದು ಕೊಡ ನೀರನ್ನು ಹೊತ್ತವರಲ್ಲ. ಮರ ಬೆಳೆಸುವುದು ನಮ್ಮ ಧ್ಯೇಯವಾಗಿರಲೇ ಇಲ್ಲ. ಅಂದಿನ ಸಮಾರಂಭದಲ್ಲಿ ಮರ್ಯಾದೆಯಿಂದ ನಡೆದುಕೊಳ್ಳುವುದಷ್ಟೇ ಆಗಿತ್ತು, ಅದು ನೆರವೇರಿತು.

ಈ ವಿಷಯವನ್ನು ಪಂಡಿತರು ಶೋಧಿಸದೆ ಬಿಟ್ಟಿಲ್ಲ. ೧೯೯೯ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನನ್ ಶೆಲ್ಡನ್ ಮತ್ತು ಆಂಡ್ರೂ ಎಲಿಯಟ್ ಎಂಬವರು ಒಂದು ಪ್ರಬಂಧವನ್ನು ಪ್ರಕಟಿಸಿದರು. ತಮ್ಮ ಒಲವಿಗೂ ನಂಬಿಕೆಗೂ ಒಪ್ಪುವ ಗುರಿಗಳನ್ನು ಇಟ್ಟುಕೊಂಡವರು, ಪರರ ಒತ್ತಾಯಕ್ಕೋ ನಾಚಿಕೆಗೋ ಗುರಿಯಿಟ್ಟವರಿಗಿಂತ ಹೆಚ್ಚು ಕಾಲ ಪ್ರಯತ್ನವನ್ನು ಬಿಡದೆ ನಡಸುತ್ತಾರೆ, ಗುರಿಯನ್ನು ಮುಟ್ಟಿದಾಗ ಹೆಚ್ಚಿನ ತೃಪ್ತಿಯನ್ನೂ ಪಡೆಯುತ್ತಾರೆ ಎಂಬುದು ಅದರ ಸಾರ. ಅದೇ ವರ್ಷ ಪೀಟರ್ ಗೊಲ್ವಿಟ್ಸರ್ ಎಂಬ ಇನ್ನೊಬ್ಬ ವಿದ್ವಾಂಸರು ಬರೆದ ಲೇಖನವು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. ‘ಮಾಡುತ್ತೇನೆ’ ಎಂದರೆ ಸಾಲದು. ಯಾವಾಗ, ಎಲ್ಲಿ, ಹೇಗೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡರೆ ಕೆಲಸವು ನೆರವೇರುವ ಸಂಭವ ಹೆಚ್ಚು ಎಂದು ಅವರು ತೋರಿಸಿದರು. ಮುಹೂರ್ತವನ್ನು ನೋಡಿ ಕೆಲಸಕ್ಕೆ ಕೈಯಿಕ್ಕುವ ನಮ್ಮ ಅಜ್ಜಿಯರಿಗೆ ಇದು ಹೊಸತೆನ್ನಿಸುತ್ತಿರಲಿಲ್ಲ.

ಆದರೆ ‘ಯಾವಾಗ’ ಎಂಬ ಪ್ರಶ್ನೆಯಲ್ಲಿಯೇ ಗೃಹಿಣಿಯ ಕಷ್ಟವೆಲ್ಲ ಅಡಗಿದೆ. ಗಂಡಸಿನ ಹೊತ್ತು ಕಚೇರಿಯ ಗಂಟೆಗಳಿಂದ ಕಟ್ಟಲ್ಪಟ್ಟಿರುತ್ತದೆ. ಅದರಿಂದ ಹೊರಗಿನದು ಅವನದು. ಗೃಹಿಣಿಯ ಹೊತ್ತಿಗೆ ಕಟ್ಟೇ ಇಲ್ಲ. ಹಾಲಿನವನು, ಕೊರಿಯರಿನವನು, ಶಾಲೆಯಿಂದ ಬಂದ ಮಗು, ಮಾತ್ರೆಯ ವೇಳೆ ಮರೆತ ಮಾವ, ಯಾರು ಬೇಕಾದರೂ ಅದರೊಳಕ್ಕೆ ಕಾಲಿಡಬಹುದು. ಆಕೆಯ ದಿನವೆಲ್ಲ ಉಳಿದವರ ಗುರಿಗಳನ್ನು ಮುಟ್ಟಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಇಂಥ ಕಡೆಯಲ್ಲಿ ಒಂಬತ್ತು ಸಂಕಲ್ಪಗಳ ಪಟ್ಟಿ ಕ್ರೂರವಾದ ಹಾಸ್ಯವೇ ಸರಿ. ಒಂದನ್ನೇ ಆರಿಸಿಕೊಳ್ಳಬೇಕು, ಅದಕ್ಕೆ ವಾರದಲ್ಲಿ ಒಂದೇ ಗಂಟೆಯಾದರೂ ಬೇಲಿ ಹಾಕಿದ ಹೊತ್ತು ಬೇಕು, ಆ ಬೇಲಿಯನ್ನು ಮನೆಯವರು ಗೌರವಿಸಬೇಕು. ಈ ಕಡೆಯ ಮಾತನ್ನು ನಾವು ಓದುಗರಲ್ಲಿ ಗಂಡಸರಾದವರಿಗೆ ಹೇಳುತ್ತಿದ್ದೇವೆ.

ಒಂದನ್ನು ಆರಿಸುವುದು ಹೇಗೆಂದು ಕೇಳಿದರೆ, ನಾವು ಆ ಸೋದರಿಗೆ ಒಂದೇ ಪ್ರಶ್ನೆಯನ್ನು ಹಾಕಿದ್ದೆವು. ‘ಇದನ್ನು ನೀವು ಮಾಡಿದಿರೆಂಬುದು ಯಾರಿಗೂ ಎಂದಿಗೂ ತಿಳಿಯದೆಂದರೆ, ಆಗಲೂ ಮಾಡುತ್ತೀರಾ?’ ಆಕೆ ಕಪಾಟಿನ ಬಾಗಿಲನ್ನು ತೆರೆದು ಪಟ್ಟಿಯನ್ನು ನೋಡಿದರು. ಎಂಟು ಬಾಬುಗಳು ಅಲ್ಲಿಯೇ ಬಿದ್ದುಹೋದುವು.

ಆಕೆಯ ಅತ್ತೆ ಬೀಸುವ ಪದಗಳನ್ನೂ ಸೋಬಾನೆಗಳನ್ನೂ ಹಾಡಬಲ್ಲವರು. ಎಷ್ಟು ಬರುತ್ತವೆ ಎಂದರೆ ‘ಎಣಿಸಿದವರಾರು?’ ಎನ್ನುತ್ತಿದ್ದರು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಹಾಡು, ಒಂದೇ, ಬರೆದುಕೊಳ್ಳುವುದೆಂದು ಗೊತ್ತಾಯಿತು. ಆ ದಿನ ಯಜಮಾನರಿಗೆ ಹೊರಗೂರಿನ ಕೆಲಸ. ಮಕ್ಕಳು ಬರುವುದು ನಾಲ್ಕೂವರೆಗೆ. ಫೋನಿನಲ್ಲಿ ಹಿಡಿದಿಟ್ಟರೆ ಒಂದೇ ವಾರದಲ್ಲಿ ಮುಗಿಯುತ್ತದಲ್ಲ ಎಂದು ಮಗ ಹೇಳಿದನಂತೆ. ಹಿಡಿದೂ ನೋಡಿದರು. ಯಂತ್ರವನ್ನು ಕಂಡರೆ ಮುದುಕಿ ಬಾಯಿ ಬಿಡರು. ಬರೆಯುವ ಕೈಯನ್ನು ಕಂಡರೆ ಮಾತ್ರ ಹಾಡುವರು. ನಡುವೆ ಹಬ್ಬಗಳು ಬಂದುವು, ಮಗಳ ಪರೀಕ್ಷೆ ಬಂದಿತು, ಎರಡು ಸಲ ಮುದುಕಿ ಆಸ್ಪತ್ರೆಗೆ ಹೋಗಿಬಂದರು. ತಪ್ಪಿದ ಗುರುವಾರಗಳನ್ನು ಆಕೆ ಲೆಕ್ಕಕ್ಕೆ ಹಿಡಿಯಲಿಲ್ಲ, ಒಂದಕ್ಕೆರಡಾಗಿ ತೀರಿಸಲೂ ಹೋಗಲಿಲ್ಲ. ಮುಂದಿನ ಗುರುವಾರ ಮತ್ತೆ ಕುಳಿತರು.

ಎರಡನೆಯ ವರ್ಷದ ಮಾಘದಲ್ಲಿ ಅತ್ತೆ ತೀರಿಕೊಂಡರು. ಪುಸ್ತಕದಲ್ಲಿ ನಲ್ವತ್ತೊಂದು ಹಾಡುಗಳಿವೆ. ನಲ್ವತ್ತೆರಡನೆಯದರಲ್ಲಿ ಎರಡು ನುಡಿಗಳಿದ್ದು ಉಳಿದ ಪುಟ ಬರಿದಾಗಿದೆ. ಬರೆಯದೆ ಉಳಿದವು ಎಷ್ಟೆಂಬುದನ್ನು ಹೇಳುವವರು ಈಗ ಇಲ್ಲ. ಪುಸ್ತಕವನ್ನು ಅಚ್ಚುಹಾಕಿಸಬೇಕೆಂದು ನಾವು ಒಮ್ಮೆ ಸೂಚಿಸಿದಾಗ ಆಕೆ ಒಪ್ಪಲಿಲ್ಲ, ಒಲ್ಲೆನೆಂದೂ ಅನ್ನಲಿಲ್ಲ. ಅತ್ತೆಯ ತವರಿನಲ್ಲಿ ಅವರ ಓರಗೆಯ ಮುದುಕಿಯೊಬ್ಬರು ಇನ್ನೂ ಇದ್ದಾರಂತೆ. ಆ ಅರ್ಧ ಹಾಡು ಅವರಿಗೆ ಪೂರ್ತಿಯಾಗಿ ಬರುತ್ತದೆಂದು ಯಾರೋ ಹೇಳಿದರಂತೆ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಬರುವ ಗುರುವಾರ ಹೋಗುತ್ತಿದ್ದಾರೆ. ನಮ್ಮನ್ನೂ ಕರೆದಿದ್ದಾರೆ.