‘ಮಿಸ್, ನೀವೀಗ ಏನು ಓದ್ತಾ ಇದೀರಾ?’ – ವಿಜ್ಞಾನ ತರಗತಿಯಲ್ಲಿ ಪುಸ್ತಕ ಶಿಫಾರಸು

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ವಸಂತನರಸಾಪುರದ ಕಡೆಯ ಒಂದು ಪ್ರೌಢಶಾಲೆ. ತುಮಕೂರಿನಿಂದ ಶಿರಾ ಕಡೆಗೆ ಹೋಗುವಾಗ ಸಿಗುವ ಈ ಕೈಗಾರಿಕಾ ಪ್ರದೇಶದಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ನನ್ನ 8ನೇ ತರಗತಿಯಲ್ಲಿ ಸುತ್ತಲಿನ ಹಳ್ಳಿಗಳ ರೈತರ ಮಕ್ಕಳೂ ಕಾರ್ಖಾನೆ ಕೆಲಸಕ್ಕೆಂದು ಬಂದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು.

ಮೊದಲ ವಾರ ಸೂಕ್ಷ್ಮಜೀವಿಗಳ ಪಾಠ ಮುಗಿಸಿ, “ಪಠ್ಯಪುಸ್ತಕದ ಹೊರಗಿನದ್ದನ್ನೂ ಓದಬೇಕು” ಎಂದು ಬುದ್ಧಿಮಾತು ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ನೀವೀಗ ಏನು ಓದ್ತಾ ಇದೀರಾ?” ನನ್ನ ಚೀಲದಲ್ಲಿ ಇದ್ದದ್ದು ಟಿಇಟಿ ಗೈಡ್ ಮಾತ್ರ. ಅದನ್ನು ಹೇಳಲು ನಾಚಿಕೆಯಾಗಿ, ಪದವಿಯಲ್ಲಿದ್ದಾಗ ಅರ್ಧ ಓದಿ ಬಿಟ್ಟಿದ್ದ ಒಂದು ಪುಸ್ತಕದ ಹೆಸರು ಹೇಳಿದೆ. “ಅದ್ರಲ್ಲಿ ಏನಿದೆ ಮಿಸ್?” ಎಂದು ಕೇಳಿಯೇಬಿಟ್ಟ. ಅಷ್ಟರಲ್ಲಿ ಗಂಟೆ ಹೊಡೆಯಿತು, ಬಚಾವಾದೆ.

ಆ ಪ್ರಶ್ನೆಯಿಂದ ನಾನು ಕಲಿತದ್ದನ್ನು, ನಡುವೆ ಮಾಡಿದ ತಪ್ಪಿನ ಸಮೇತ, ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುತ್ತಿದ್ದೇನೆ.

ನಾನು ಮಾಡಿದ ತಪ್ಪು

ಆ ಭಾನುವಾರ ತೇಜಸ್ವಿಯವರ ‘ಕರ್ವಾಲೊ’ ಹಿಡಿದು ಕೂತೆ. 1980ರಲ್ಲಿ ಬಂದ ಈ ಕಾದಂಬರಿ ಹಾರುವ ಓತಿಯ ಹುಡುಕಾಟದ ಕತೆ. ಜೀವವಿಕಾಸ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ಮುಂದಿನ ವಾರ ತರಗತಿಯಲ್ಲಿ ಅದನ್ನು ಬಾಯ್ತುಂಬ ಹೊಗಳಿ, ಮುಂದಿನ ಬೆಂಚಿನ ಹುಡುಗಿಯೊಬ್ಬಳ ಕೈಗೆ ಕೊಟ್ಟೆ. ಮುತ್ತು ಪೋಣಿಸಿದಂತೆ ನೋಟ್ಸ್ ಬರೆಯುತ್ತಿದ್ದ ಹುಡುಗಿ ಅವಳು. ಗುರುತಿಗೆಂದು ಮೊದಲ ಅಧ್ಯಾಯದಲ್ಲಿ ನನ್ನ ಬಸ್ಸಿನ ಶೂನ್ಯ ಟಿಕೆಟ್ ಇಟ್ಟಿದ್ದೆ.

ನಾಲ್ಕು ದಿನದ ನಂತರ “ಚೆನ್ನಾಗಿತ್ತು ಮಿಸ್” ಎಂದು ಮರಳಿಸಿದಳು. ಟಿಕೆಟ್ ಇಟ್ಟಲ್ಲೇ ಇತ್ತು. ಮರುದಿನದಿಂದ ಅವಳು ನನ್ನ ಪಿರಿಯಡ್‌ನಲ್ಲಿ ಮೂರನೇ ಬೆಂಚಿಗೆ ಹೋಗಿ ಕೂತಳು. ಒಂದು ವಾರದ ಬಳಿಕ ಪಠ್ಯವನ್ನು ಗಟ್ಟಿಯಾಗಿ ಓದಿಸುವಾಗ ಗೊತ್ತಾಯಿತು: ಅವಳು ಇನ್ನೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಅಂದದ ಕೈಬರಹ ಅದನ್ನು ಎಲ್ಲರಿಂದಲೂ ಮುಚ್ಚಿಟ್ಟಿತ್ತು. ನಾನು ಕೊಟ್ಟದ್ದು ಒಳ್ಳೆಯ ಪುಸ್ತಕವೇ. ಆದರೆ ಅವಳ ಪಾಲಿಗೆ ಅದು ಎಲ್ಲರೆದುರು ಹೊರಿಸಿದ ಭಾರವಾಗಿತ್ತು.

ಬುದ್ಧಿಮಾತು, ಹಂಚಿಕೆ, ಶಿಫಾರಸು

ನಾನು ಮೂರು ಬೇರೆ ಬೇರೆ ಕೆಲಸಗಳನ್ನು ಒಂದರೊಳಗೊಂದು ಸೇರಿಸಿಬಿಟ್ಟಿದ್ದೆ. ‘ಓದಿ’ ಎನ್ನುವುದು ಬುದ್ಧಿಮಾತು. ‘ನಾನು ಇದನ್ನು ಓದುತ್ತಿದ್ದೇನೆ, ಇಲ್ಲಿಯವರೆಗೆ ಬಂದಿದ್ದೇನೆ’ ಎನ್ನುವುದು ಹಂಚಿಕೆ. ಅದು ಇಡೀ ತರಗತಿಗೆ ಹೇಳುವ ಮಾತು, ಯಾರ ಮೇಲೂ ಹೊರೆಯಿಲ್ಲ. ‘ನಿನಗೆ ಇದು ಹಿಡಿಸಬಹುದು’ ಎನ್ನುವುದು ಶಿಫಾರಸು. ಅದು ಒಬ್ಬರಿಗೇ ಸೇರಿದ್ದು, ಆ ಒಬ್ಬರು ಹೇಗೆ ಓದುತ್ತಾರೆ ಎಂದು ತಿಳಿಯದೆ ಮಾಡಬಾರದ್ದು.

ಇದು ಹೊಸ ವಿಚಾರವಲ್ಲ. ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು, 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರವೊಂದನ್ನು ಕಟ್ಟಿದರು. ಅವರ ಎರಡನೆಯ ಮತ್ತು ಮೂರನೆಯ ಸೂತ್ರಗಳ ತಾತ್ಪರ್ಯ ಇಷ್ಟು: ಪ್ರತಿ ಓದುಗನಿಗೂ ಅವನದೇ ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಅದರದೇ ಓದುಗನಿದ್ದಾನೆ. ನಾನು ಮೂರನೆಯದರಿಂದ ಹೊರಟಿದ್ದೆ, ಅಂದರೆ ನನಗೆ ಹಿಡಿಸಿದ ಪುಸ್ತಕಕ್ಕೆ ಓದುಗರನ್ನು ಹುಡುಕಿದ್ದೆ. ಶಿಕ್ಷಕರು ಎರಡನೆಯದರಿಂದ ಹೊರಡಬೇಕು.

ಮಾಡಿ ನೋಡಿದ ಕ್ರಮ

ಮೂರನೆಯ ವಾರದಿಂದ ಕರಿಹಲಗೆಯ ಬಲ ಮೂಲೆಯಲ್ಲಿ ಒಂದು ಚೌಕ ಎಳೆದು ‘ಈಗ ಓದುತ್ತಿರುವುದು’ ಎಂದು ಬರೆದೆ. ಶನಿವಾರದ ಪಿರಿಯಡ್‌ನ ಕೊನೆಯ ಐದು ನಿಮಿಷ ಅದಕ್ಕೆ ಮೀಸಲು. ಪಾಲಿಸಿದ ನಿಯಮಗಳು ಇವು:

1. ಮೊದಲು ಬರೆಯುವವರು ಶಿಕ್ಷಕರು. ಓದದೇ ಇದ್ದ ವಾರ ‘ಏನೂ ಓದಿಲ್ಲ’ ಎಂದೇ ಬರೆಯಬೇಕು. ಒಂದು ವಾರ ನಾನು ‘ಟಿಇಟಿ ಗೈಡ್’ ಎಂದು ಬರೆದೆ. ಮಕ್ಕಳು ನಕ್ಕರು, ಆದರೆ ಅಂದೇ ಹೆಚ್ಚು ಕೈಗಳು ಎದ್ದವು.

2. ಹೇಳಬೇಕಾದ್ದು ಮೂರೇ ಮಾತು: ಏನು ಓದುತ್ತಿದ್ದೇನೆ, ಎಲ್ಲಿಯವರೆಗೆ ಓದಿದ್ದೇನೆ, ಮನಸ್ಸಿನಲ್ಲಿ ಉಳಿದ ಒಂದು ಸಂಗತಿ. ಕೊನೆಯಲ್ಲಿ ಏನಾಗುತ್ತದೆ ಎಂದು ಹೇಳುವಂತಿಲ್ಲ.

3. ‘ಹಿಡಿಸಲಿಲ್ಲ, ಬಿಟ್ಟೆ’ ಎನ್ನಬಹುದು. ಬಿಡಲು ಅವಕಾಶವಿದ್ದರೆ ‘ಚೆನ್ನಾಗಿತ್ತು ಮಿಸ್’ ಎಂಬ ಸುಳ್ಳಿನ ಅಗತ್ಯ ಬೀಳುವುದಿಲ್ಲ.

4. ಅಂಕವಿಲ್ಲ, ‘ಅತಿ ಹೆಚ್ಚು ಓದಿದವರು’ ಎಂಬ ಪಟ್ಟಿಯಿಲ್ಲ. ಪಟ್ಟಿ ಹಾಕಿದರೆ ನಿಧಾನವಾಗಿ ಓದುವವರು ಮೊದಲ ವಾರವೇ ಹಿಂದೆ ಸರಿಯುತ್ತಾರೆ.

5. ಒಬ್ಬರಿಗೆಂದು ಪುಸ್ತಕ ಕೊಡುವುದಾದರೆ ತರಗತಿಯ ಎದುರು ಬೇಡ. ಪಕ್ಕಕ್ಕೆ ಕರೆದು, ಮೊದಲ ಪುಟವನ್ನು ಜೊತೆಯಲ್ಲೇ ಓದಿ, ನಂತರ ಕೊಡಬೇಕು.

ಪುಸ್ತಕ ಎಲ್ಲಿಂದ?

ಶಾಲೆಯ ಬೀರುವಿನ ಬೀಗ ತೆಗೆಸುವುದು ಮೊದಲ ಕೆಲಸ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ; ಇದು ಗೊತ್ತಿದ್ದ ಮಕ್ಕಳು ನನ್ನ ತರಗತಿಯಲ್ಲಿ ಬೆರಳೆಣಿಕೆಯಷ್ಟು. ವಿಜ್ಞಾನಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಅನುಕೂಲ, ಒಂದೊಂದು ಬರಹವೂ ಚಿಕ್ಕದು. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಬಿಡಿಬಿಡಿಯಾಗಿ ಓದಬಹುದು. ಶಿಕ್ಷಕರಿಗೆ ನನ್ನ ಶಿಫಾರಸು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ಮೇಷ್ಟ್ರು ಶಿಷ್ಯರನ್ನು ಕಟ್ಟಿಕೊಂಡು ಕಾಡು ಸುತ್ತಿದ ಈ ಬರಹಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕ್ಷೇತ್ರ ಭೇಟಿಯ ಪಾಠಯೋಜನೆ ಬರೆಯುವ ಮುನ್ನ ಇದನ್ನು ಓದಿದರೆ ಲಾಭವಿದೆ.

ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ನೆರವಾಯಿತು. 2015ರಲ್ಲಿ ಆರಂಭವಾದ ಈ ಜಾಲತಾಣದಲ್ಲಿ ಅದೆಷ್ಟೋ ಕತೆಗಳು ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ, ಓದಿನ ಹಂತವನ್ನೂ ನಮೂದಿಸಿರುತ್ತಾರೆ. ಹಿಂದಿ ಮನೆಮಾತಿನ ಹುಡುಗನೊಬ್ಬ ಒಂದು ಕತೆಯನ್ನು ಹಿಂದಿಯಲ್ಲಿ ಓದಿದ, ಪಕ್ಕದವನು ಅದನ್ನೇ ಕನ್ನಡದಲ್ಲಿ ಓದಿದ. ಆ ಐದು ನಿಮಿಷ ತರಗತಿಗೆ ಇಬ್ಬರು ಮೇಷ್ಟ್ರುಗಳಿದ್ದರು.

ಸಮಯದ ಪ್ರಶ್ನೆ

ವೀಕ್ಷಣೆಗೆ ಬಂದ ಉಪನ್ಯಾಸಕರು ಕೇಳಿದ್ದು ನ್ಯಾಯವಾದ ಪ್ರಶ್ನೆ: “ಇದು ನಿಮ್ಮ ಪಾಠಯೋಜನೆಯ ಯಾವ ಹಂತ?” ಪಾಠಕ್ಕೆ ಹೊಂದುವ ಪುಸ್ತಕವಾದರೆ 5ಇ ಮಾದರಿಯ ತೊಡಗಿಸಿಕೊಳ್ಳುವ ಹಂತದಲ್ಲೇ ಸೇರಿಸಬಹುದು. ಉಳಿದದ್ದಕ್ಕೆ ವಾರಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ಈಗ ನನಗೂ ಅನ್ನಿಸುತ್ತದೆ. ಎರಡು ವರ್ಷದ ಬಿ.ಇಡಿ.ಯಲ್ಲಿ ಪಠ್ಯಗಳನ್ನು ಓದಿ ಪ್ರತಿಕ್ರಿಯಿಸುವುದಕ್ಕೇ ಒಂದು ಪತ್ರಿಕೆಯಿದೆ. ಅದನ್ನು ನಾವು ಆಂತರಿಕ ಅಂಕಕ್ಕೆಂದು ಬರೆದು ಮುಗಿಸುತ್ತೇವೆ. ಕಾಲೇಜಿನ ನಮ್ಮ ತರಗತಿಯಲ್ಲೂ ಹಲಗೆಯ ಮೂಲೆಯಲ್ಲಿ ಇಂಥದೊಂದು ಚೌಕ ಇರಲಿ ಎಂಬುದು ನನ್ನ ಸಲಹೆ.

ಆ ಹುಡುಗಿಗೆ ‘ಪರಿಸರದ ಕತೆ’ಯಿಂದ ಒಂದೇ ಬರಹವನ್ನು ಕೊಟ್ಟೆ, ಮೊದಲ ಪುಟವನ್ನು ಊಟದ ಬಿಡುವಿನಲ್ಲಿ ಇಬ್ಬರೂ ಸೇರಿ ಓದಿದೆವು. ನನ್ನ ಕೊನೆಯ ಶನಿವಾರ ಅವಳು ತಾನಾಗಿ ಎದ್ದು ಬಂದು ಚೌಕದೊಳಗೆ ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದಳು: ‘ಪರಿಸರದ ಕತೆ. ಎರಡೂವರೆ ಪುಟ. ಇನ್ನೂ ಮುಗಿದಿಲ್ಲ.’ ಕೂರುವುದು ಮಾತ್ರ ಇನ್ನೂ ಮೂರನೇ ಬೆಂಚಿನಲ್ಲೇ. ಪುಸ್ತಕವನ್ನು ಅವಳ ಬಳಿಯೇ ಬಿಟ್ಟು ಬಂದಿದ್ದೇನೆ.